ಮೂರನೆಯ ಉಂಗುರ ಮತ್ತು ವಿಶ್ವನಾಥಪ್ಪ ಸರ್

ಆಕಾಶದ ಯಾವುದೋ ಮೂಲೆಯಲ್ಲಿ ಕೆಲವೇ ಕ್ಷಣ ಮಿಂಚಿ ಮಾಯವಾಗುವ ಗಾಮಾ ಕಿರಣಗಳ ಸ್ಫೋಟ ಎಲ್ಲಿ ನಡೆಯಿತೆಂಬುದನ್ನು, ದೂರದೂರದ ಬಾಹ್ಯಾಕಾಶ ನೌಕೆಗಳಿಗೆ ಅದು ತಲುಪಿದ ಸಮಯಗಳ ಅಂತರದಿಂದಲೇ ಹುಡುಕಿ ಹೇಳುವವರ ಸಾಲಿನಲ್ಲಿ, ಛತ್ರಪತಿ ಸಂಭಾಜಿನಗರದ ಪ್ರಾಧ್ಯಾಪಕ ವಿಶ್ವನಾಥಪ್ಪನವರದು ಗೌರವದ ಹೆಸರು. ಭಾಲ್ಕಿಯಿಂದ ಬಂದು, ಮೂವತ್ತನಾಲ್ಕು ವರ್ಷ ಇಲ್ಲಿ ಪಾಠ ಹೇಳಿ, ಈ ತಿಂಗಳು ನಿವೃತ್ತರಾಗುತ್ತಿರುವ ಅವರ ಕೈಯಲ್ಲಿ ಪಳಗಿದವರಲ್ಲಿ ನಾನೂ ಒಬ್ಬಳು.

ನಾಸಿಕ್‌ನಲ್ಲಿ ಅಜ್ಜಿ ಗುಂಡವ್ವನ ಕಥೆ ಕೇಳುತ್ತ ಬೆಳೆದವಳು ನಾನು. ಮೋಡದಾಚೆ ಗೆಜ್ಜೆ ಕಳೆದುಕೊಂಡ ರಾಜಕುಮಾರಿಯನ್ನು, ಆ ಗೆಜ್ಜೆ ಬಿದ್ದ ಸದ್ದು ಯಾವ ಊರಿಗೆ ಮೊದಲು ಕೇಳಿತೆಂದು ವಿಚಾರಿಸುತ್ತಲೇ ಹುಡುಕುವ ಕಥೆಯೊಂದು ಅವಳಲ್ಲಿತ್ತು. ಮೊದಲ ದಿನ ಅದನ್ನು ಹೇಳಿದಾಗ ಸರ್ ನಗಲಿಲ್ಲ. "ನಿಮ್ಮಜ್ಜಿ ನಮ್ಮ ಕೆಲಸಾನೇ ಮಾಡ್ಯಾರಲ್ಲವಾ" ಎಂದರು. ನನ್ನ ಬಸ್ಸು ತಡವಾಗುವುದನ್ನು ಕಂಡು ಸೋಮವಾರದ ತರಗತಿಯನ್ನು ಒಂದು ಗಂಟೆ ಮುಂದೂಡಿದರು. ಕಾರಣ ಕೇಳಿದವರಿಗೆ ತಮ್ಮ ಮೊಣಕಾಲು ನೋವೆಂದರು. ಮುಂದಿನ ಭಾನುವಾರ ನಾವು ವಿದ್ಯಾರ್ಥಿಗಳೆಲ್ಲ ದೇವಗಿರಿ ಕೋಟೆ ಹತ್ತಿದಾಗ, ತುದಿಯಲ್ಲಿ ನಮಗಿಂತ ಮೊದಲೇ ನಿಂತಿದ್ದರು!

ಅವರದೊಂದು ನಿಯಮ: ಸಮಯ ಬರೆದರೆ ಅದು ಯಾರ ಗಡಿಯಾರದ್ದೆಂದೂ ಪಕ್ಕದಲ್ಲಿ ಬರೆಯಬೇಕು. ನಾನು ಮರೆತೆ. ಪ್ರಬಂಧ ಒಪ್ಪಿಸಲು ಆರು ದಿನ ಉಳಿದಿತ್ತು. ನಾಲ್ಕು ನೌಕೆಗಳ ಸಮಯದಿಂದ ಆಕಾಶದ ನಕ್ಷೆಯ ಮೇಲೆ ಮೂರು ಉಂಗುರ ಎಳೆದಿದ್ದೆ. ಎರಡು ಉಂಗುರಗಳು ಎರಡು ಕಡೆ ಒಂದನ್ನೊಂದು ದಾಟಿದ್ದವು. ಆ ಎರಡರಲ್ಲಿ ಸ್ಫೋಟದ ನಿಜವಾದ ಜಾಗ ಯಾವುದೆಂದು ತೋರಿಸಬೇಕಾದ ಮೂರನೆಯದು ಎರಡನ್ನೂ ಮುಟ್ಟದೆ ಎಲ್ಲೋ ಹೋಗಿತ್ತು. ಮೂರು ವರ್ಷದ ಕೆಲಸ ಮಣ್ಣುಪಾಲಾಯಿತೆಂದು ಅಳುತ್ತ ಹಾಳೆಗಳನ್ನು ಅವರ ಮುಂದಿಟ್ಟೆ.

"ಮಂಜುಶ್ರೀ, ಮಂಗಳನ ಹತ್ರ ಇರೋ ನೌಕೆದು ಈ ಟೈಮು ಯಾರ ಗಡಿಯಾರದ್ದವಾ?"

"ಭೂಮಿದ್ರಿ ಸರ್. ಅದಕ್ಕ ಸುದ್ದಿ ಅಲ್ಲಿಂದ ಇಲ್ಲಿಗೆ ಬರೋ ಹೊತ್ತು ಕಳದೀನ್ರಿ."

"ಕಳಿಸಿದವರೇ ಅದನ್ನ ಕಳದು ಕಳಿಸ್ಯಾರ. ಇದು ನೌಕೆದೇ ಟೈಮು. ಎರಡೆರಡು ಸಲ ಕಳದ್ರ ಪಾಪ ಆ ಸ್ಫೋಟ ಎಲ್ಲಿಗೆ ಹೋಗಬೇಕು? ಮೊದಲು ಚಹಾ ಕುಡಿ."

ಚಹಾ ಆರುವ ಮುನ್ನವೇ ಮರುಲೆಕ್ಕ ಮುಗಿಯಿತು. ಮೂರನೆಯ ಉಂಗುರ ತನ್ನ ಜಾಗಕ್ಕೆ ಬಂದು ಕೂತಿತು. ಎಷ್ಟೋ ದಿನಗಳ ನಂತರ ನಾನು ನಿರಾಳವಾಗಿ ಉಸಿರಾಡಿದೆ. ತಪ್ಪಾದ ಉಂಗುರವನ್ನು ಅಷ್ಟರಲ್ಲೇ ಜೊತೆಗಾರ ಸಂಶೋಧಕರಿಗೆ ಕಳಿಸಿಬಿಟ್ಟಿದ್ದೆ. ತಿದ್ದುಪಡಿಯ ಪತ್ರವನ್ನು ಸರ್ ತಾವೇ ಬರೆದು, "ಪರಿಶೀಲಿಸದೆ ಬಿಟ್ಟವನು ನಾನು" ಎಂದು ಸಹಿ ಹಾಕಿದರು. ನನ್ನ ಹೆಸರು ಅದರಲ್ಲಿರಲಿಲ್ಲ.

ಈಗ ನಾಸಿಕ್‌ನಲ್ಲಿ ನಾನೂ ಪಾಠ ಹೇಳುತ್ತೇನೆ. ಸೋಮವಾರ ನನಗೂ ಮೊಣಕಾಲು ನೋವು. ಸರ್ ಅವರ ಮೇಜಿನ ಮೇಲೆ ಇನ್ನೂ ಎಷ್ಟೋ ಸ್ಫೋಟಗಳ ಹಾಳೆಗಳು ಕಾದಿವೆ. ಆ ಕೆಲಸ ಮಾಡುತ್ತ ಅವರು ನೂರು ವರ್ಷ ಬಾಳಲಿ. ಈ ಸಲ ಮರೆಯದೆ ಪಕ್ಕದಲ್ಲಿ ಬರೆದಿದ್ದೇನೆ: ಈ ನೂರು ವರ್ಷ ಮಂಗಳನ ಲೆಕ್ಕದ್ದು, ಅಲ್ಲಿಯ ಒಂದು ವರ್ಷ ನಮ್ಮ ಹತ್ತಿರಹತ್ತಿರ ಎರಡು.