ಅನಾನಸ್ ವಾಸನೆಗೆ ಒಂದು ಉದ್ಧರಣೆ ತೀರ್ಥ

ಮಳವಳ್ಳಿಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಪಾರ್ಥಸಾರಥಿ ಮೇಷ್ಟ್ರು ತಮ್ಮನ್ನು ಮೇಷ್ಟ್ರು ಎಂದುಕೊಂಡಿರಲಿಲ್ಲ, ಸಂಶೋಧಕರು ಎಂದುಕೊಂಡಿದ್ದರು. ಊರಿಗೆ ಇದು ಇನ್ನೂ ತಿಳಿಯದ್ದಕ್ಕೆ ಊರನ್ನು ಕ್ಷಮಿಸಿಯೂ ಇದ್ದರು. ಹಿತ್ತಿಲ ಕೊಟ್ಟಿಗೆಯ ಹಸುವನ್ನು ಹೊಂಗೆ ಮರಕ್ಕೆ ಕಟ್ಟಿ, ಒಳಗೆ ಗಾಜಿನ ಸೀಸೆಗಳನ್ನು ಜೋಡಿಸಿ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ಪ್ರಯೋಗಶಾಲೆ' ಎಂದು ಬರೆದಿದ್ದರು. ಮಳೆ ಹಿಡಿಯುವುದರೊಳಗೆ ಅಲ್ಲಿ ಏನಾದರೂ ಹುಟ್ಟದಿದ್ದರೆ ಹಸು ಒಳಗೆ, ಸೀಸೆ ಹೊರಗೆ ಎಂದು ಹೆಂಡತಿ ಸರಸಮ್ಮ ತೀರ್ಪು ಕೊಟ್ಟಾಗಿತ್ತು.

ಹುಟ್ಟಬೇಕಾಗಿದ್ದದ್ದು ಅನಾನಸ್ ವಾಸನೆ. ಯುದ್ಧ ಬಂದು ಸೀಮೆಯ ಎಸೆನ್ಸು ನಿಂತುಹೋಗಿ, ಮದ್ದೂರಿನ ಸೋಡಾ ಅಂಗಡಿಯ ಮೆಹಬೂಬ್ ಪಾಷಾ ಸಕ್ಕರೆ ನೀರಿಗೆ ಬಣ್ಣ ಕಲಸಿ ಮಾರುತ್ತ ಕೂತಿದ್ದರು. ಮೇಷ್ಟ್ರು ಅವರಿಗೆ ಧೈರ್ಯ ಹೇಳಿದರು. ಹಳಸಿದ ಬೆಣ್ಣೆಯಿಂದ ತೆಗೆದ ಆಮ್ಲಕ್ಕೆ ಸ್ಪಿರಿಟ್ಟು ಬೆರೆಸಿ, ಕುರಿಯ ಮೇದೋಜೀರಕದ ಪುಡಿ ಹಾಕಿದರೆ ಅದರೊಳಗಿನ ಕಿಣ್ವ ಎರಡನ್ನೂ ಬೆಸೆದು ಎಸ್ಟರ್ ಮಾಡುತ್ತದೆ. ಆ ಎಸ್ಟರಿಗೆ ಥೇಟು ಅನಾನಸಿನದೇ ವಾಸನೆ. ಪಾಷಾ ಗಡ್ಡ ನೀವಿಕೊಂಡು, ಇಷ್ಟು ವರ್ಷ ಕುರಿ ತಿಂದರೂ ಈ ಸಂಗತಿ ಗೊತ್ತಾಗಲಿಲ್ಲವಲ್ಲ ಎಂದರು.

ಗ್ರಂಥಿ ಕೊಟ್ಟವನು ಕಸಾಯಿ ಗಫಾರ್. ಅಪ್ಪಟ ಬಂಡೂರು ಕುರಿಯದು ಎಂದು ಆಣೆ ಇಟ್ಟ. ಮೇಷ್ಟ್ರು ಅದನ್ನು ಒಣಗಿಸಿ, ಕೊಬ್ಬು ತೆಗೆದು, ಪುಡಿ ಮಾಡಿ ಸೀಸೆಗೆ ಹಾಕಿದರು. ಏನೂ ಆಗಲಿಲ್ಲ. ಅರ್ಚಕರ ಮನೆತನದ ಕೈ ಕುರಿಯ ಕರುಳ ಬಳಿ ಹೋಯಿತೆಂಬ ಅಳುಕು ಮಾತ್ರ ಬೆಳೆಯಿತು. ಕೊನೆಗೊಂದು ಬೆಳಗ್ಗೆ ಪೂಜೆ ಮುಗಿಸಿ ಬಂದವರು ಶುದ್ಧಿಗೆಂದು ಸೀಸೆಯೊಳಕ್ಕೇ ಒಂದು ಉದ್ಧರಣೆ ತೀರ್ಥ ಬಿಟ್ಟರು. ಎರಡು ದಿನಕ್ಕೆ ಕೊಟ್ಟಿಗೆಯೆಲ್ಲ ಅನಾನಸ್!

ಪಾಷಾಗೆ ಹೇಳಿಕಳಿಸಿದರು. ಸಂತೋಷಕ್ಕೆ ದಿನವೂ ಒಂದೊಂದು ಉದ್ಧರಣೆ ಬಿಡುತ್ತ ಬಂದರು. ಅನಾನಸ್ ಮೆಲ್ಲಗೆ ಹಿಂದೆ ಸರಿದು, ಹಳಸಿದ ತುಪ್ಪ ಮುಂದೆ ಬಂತು. ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ಗಫಾರನ ಕುರಿ ಬಂಡೂರಿನದಲ್ಲ, ಬೆಳಕವಾಡಿಯದಿರಬೇಕು ಎಂದರು. ಸ್ಪಿರಿಟ್ಟನ್ನು ಬೈದರು. ಹಸು ಕಿಟಕಿಯಿಂದ ಉಸಿರು ಬಿಟ್ಟಿತೆಂದು ಅದನ್ನು ಇನ್ನೂ ದೂರ ಕಟ್ಟಿದರು.

ಪಾಷಾ ಬಂದು ಸೀಸೆ ಮೂಸಿದರು. "ಸಾಮಿ, ಇದು ತುಪ್ಪ ಅಲ್ವರಾ? ಅದೂ ನಮ್ಮಜ್ಜಿ ಕಾಲ್ದು."

ಮೇಷ್ಟ್ರು ಅಭ್ಯಾಸದಂತೆ ಉದ್ಧರಣೆ ಎತ್ತಿದರು. ಬಾಗಿಲಲ್ಲಿದ್ದ ಸರಸಮ್ಮ ಕೇಳಿದರು: "ದಿನಾ ನೀರು ಹೊಯ್ತೀರಲ್ಲ, ಅದೇನು ತುಳಸಿಗಿಡವೇ?"

ಉದ್ಧರಣೆ ಗಾಳಿಯಲ್ಲೇ ನಿಂತಿತು. ಆಮ್ಲವೂ ಸ್ಪಿರಿಟ್ಟೂ ಬೆಸೆಯುವಾಗ ನೀರು ಹೊರಬೀಳುತ್ತದೆ. ನೀರು ಹೆಚ್ಚಾದರೆ ಬೆಸೆದ ಕಿಣ್ವವೇ ಬಿಡಿಸಿಹಾಕುತ್ತದೆ. ಇದನ್ನು ಎಲ್ಲೋ ಓದಿ ತಲೆಯಾಡಿಸಿದ್ದು ಈಗ ನೆನಪಾಯಿತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಇಷ್ಟು ದಿನ ತಾವು ವಿಜ್ಞಾನದ ಹಿಂಬಾಗಿಲನ್ನು ಪರೀಕ್ಷಿಸುತ್ತಿದ್ದುದಾಗಿ ತಿಳಿಸಿದರು.

"ಮುಂಬಾಗ್ಲು ಬೇಗ ತೆಗೀರಿ ಸಾಮಿ," ಎಂದರು ಪಾಷಾ, "ಬಿಸಿಲುಗಾಲ ಮುಗೀತಾ ಅದೆ."

ಹೊಸ ಸೀಸೆ ಹೂಡಿದರು. ಈ ಸಲ ತೀರ್ಥವೇ ಬೇಡವೆಂದರೆ ಪುಡಿ ಕಲ್ಲಿನಂತೆ ಕೂತಿತು. ಒಂದು ಉದ್ಧರಣೆ ಬಿಟ್ಟರು, ಅನಾನಸ್ ಎದ್ದಿತು. ತಕ್ಷಣ ಬಿರಡೆ ಜಡಿದು, ಅಲ್ಲಿಂದಾಚೆಗೆ ದಿನದ ತೀರ್ಥವನ್ನು ಸೀಸೆಯ ಹೊರಮೈಗೆ ಚಿಮುಕಿಸಿದರು. ಮಳೆ ಹಿಡಿಯುವ ಮುಂಚೆ ಮದ್ದೂರಿನ ರೈಲು ಪ್ರಯಾಣಿಕರು ಪಾಷಾರ ಅನಾನಸ್ ಸೋಡಾ ಕುಡಿದು ತೇಗಿದರು. ಕೊಟ್ಟಿಗೆ ಪ್ರಯೋಗಶಾಲೆಯಾಗಿಯೇ ಉಳಿಯಿತು, ಹೊಂಗೆ ಮರದಡಿ ಹಸುವಿಗೊಂದು ತಡಿಕೆ ಎದ್ದಿತು.

ಒಂದು ಗೊಂದಲ ಮಾತ್ರ ಕರಗಲಿಲ್ಲ. ಆ ಮೊದಲ ಉದ್ಧರಣೆಯಲ್ಲಿ ಕೆಲಸ ಮಾಡಿದ್ದು ನೀರೋ ತೀರ್ಥವೋ? ತೀರ್ಮಾನಿಸಿಯೇಬಿಡೋಣವೆಂದು ಒಮ್ಮೆ ಬರೀ ಬಾವಿಯ ನೀರು ಬಿಟ್ಟರು. ಅನಾನಸ್ ಬಂತು. ಆದರೆ ಬಿಡುವಾಗ ಬಾಯಿ ತನ್ನಷ್ಟಕ್ಕೆ ಮಂತ್ರ ಹೇಳಿಬಿಟ್ಟಿತ್ತು.

ಯುದ್ಧ ನಿಂತಿತು. ಪಾಷಾ ಒಂದು ದಿನ ಮತ್ತೆ ಬರತೊಡಗಿದ ಸೀಮೆಯ ಎಸೆನ್ಸಿನ ಸೀಸೆ ಹಿಡಿದು, ಮುಖ ಸಪ್ಪಗೆ ಮಾಡಿಕೊಂಡು ಬಂದರು. ಹಸು ಒಳಗೆ ಬಂತು. ಬಾಗಿಲ ಮೇಲಿನ 'ಪ್ರಯೋಗಶಾಲೆ'ಯನ್ನು ಮೇಷ್ಟ್ರು ಅಳಿಸಲಿಲ್ಲ. ಬಾಯಿ ಮುಚ್ಚಿಕೊಂಡು ನೀರು ಬಿಡುವ ಪ್ರಯೋಗವೊಂದು ಬಾಕಿ ಇದೆ ಎನ್ನುತ್ತಿದ್ದರು.

ಅದು ನಿಮ್ಮ ಕೈಲಾಗದ್ದು ಎಂದರು ಸರಸಮ್ಮ.