ಗಂಗೋತ್ರಿ ಅಪ್ಪನಿಗೆ ಅಲ್ಲಿ ಇನ್ನೊಂದು ಹೆಸರು

ಬಸವಾಪಟ್ಟಣದಲ್ಲಿ ಹಿಟ್ಟಿನ ಗಿರಣಿ ನಡೆಸುವ ಅನ್ನಪೂರ್ಣ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಜೋಳ ತಂದವರು ಹಸನು ಮಾಡಿಯೇ ತಂದೆವು ಎಂದು ಆಣೆ ಇಟ್ಟರೂ ಒಂದು ಹಿಡಿ ತೆಗೆದು ಅಂಗೈಯಲ್ಲಿ ಆಡಿಸಿ, ಕಲ್ಲು ಹುಡುಕಿಯೇ ಸುರಿಯುವಳು. ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುವಳು. ಮಗಳು ಗಂಗೋತ್ರಿ ಹೊಟ್ಟೆನೋವು ಎಂದರೆ, ಇವತ್ತು ಶಾಲೆಯಲ್ಲಿ ಪರೀಕ್ಷೆ ಇದೆಯೇ ಎಂದು ಪಕ್ಕದ ಮನೆಯಲ್ಲಿ ವಿಚಾರಿಸಿ ಬರುವಳು. "ದೇವ್ರು ಎದುರಿಗೆ ಬಂದು ನಿಂತ್ರೂ ಇವ್ಳು ಆಧಾರ್ ಕಾರ್ಡ್ ಕೇಳ್ತಾಳೆ" ಎಂದು ಜಗಳೂರಿನ ತವರಿನವರು ನಗುತ್ತಾರೆ. ನಗಲಿ ಬಿಡಿ. ಅವಳ ಅನುಮಾನ ಸುಳ್ಳಾದದ್ದು ಕಡಿಮೆ.

ಇಂಥವಳಿಗೆ ಸಿಕ್ಕ ಗಂಡ ನಿಂಗರಾಜ್. ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಗೆಳೆಯರ ಜೊತೆ ಸೇರಿ ಟಾಂಜಾನಿಯಾಕ್ಕೆ ಹೋಗಿ ಕೂದಲೆಣ್ಣೆ ಮಾರುವವನು. ಅರ್ಧ ವರ್ಷ ಅಲ್ಲಿ, ಅರ್ಧ ವರ್ಷ ಇಲ್ಲಿ. ಇಲ್ಲಿದ್ದಾಗಲೂ ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವ ಹಾಗಿರುತ್ತಾನೆ. ಅವರ ಮೊದಲ ಮಗು, ಗಂಡು, ನಡೆಯಲು ಕಲಿಯುವ ಮೊದಲೇ ಜ್ವರದಲ್ಲಿ ಹೋಯಿತು. ಆಗ ಅತ್ತೆ ತೊಟ್ಟಿಲನ್ನು ಅಟ್ಟಕ್ಕೇರಿಸಿ, ಹೋದ ಮಗುವಿನ ಹೆಸರೆತ್ತಿದರೆ ಮುಂದೆ ಹುಟ್ಟುವುದಕ್ಕೆ ಒಳ್ಳೆಯದಲ್ಲ ಎಂದು ಎಲ್ಲರ ಬಾಯಿ ಮುಚ್ಚಿಸಿದ್ದಳು. ಅನ್ನಪೂರ್ಣ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಿಂಗರಾಜ್ ಅಳಲಿಲ್ಲ. ಆ ಹೆಸರನ್ನು ಮತ್ತೆಂದೂ ಎತ್ತಲಿಲ್ಲ. ಅತ್ತೆ ತೀರಿಕೊಂಡ ಮೇಲೂ ಎತ್ತಲಿಲ್ಲ. ಈ ಮನುಷ್ಯನಿಗೆ ಕರುಳೇ ಇಲ್ಲ ಎಂಬುದು ಅವಳ ಅನುಮಾನಗಳಲ್ಲೆಲ್ಲ ಹಳೆಯದು.

ಈ ಸಲ ಅವನು ಬಂದಾಗಿನಿಂದ ಹೊಸದೊಂದು ಹುಟ್ಟಿಕೊಂಡಿತ್ತು. ಸಂಜೆ ಹೊತ್ತು ಫೋನ್ ಬರುವುದು, ಅದರೊಳಗಿನಿಂದ ಹೆಂಗಸಿನ ದನಿ. ನಿಂಗರಾಜ್ "ಶಿಕಮೋ, ಮಾಮಾ" ಎನ್ನುತ್ತ ಹಿತ್ತಲಿಗೆ ನಡೆಯುವನು. ಆಮೇಲೆ ನಗು! ಮನೆಯಲ್ಲಿ ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ನಗುವ ಗಂಡಸು.

"ಯಾರ್ರೀ ಅದು?"

"ಅಲ್ಲಿ ನಾನು ಬಾಡಿಗೆಗೆ ಇರೋ ಮನೆಯಾಕಿ."

"ಊರು ಬಿಟ್ಟು ಬಂದ ಮ್ಯಾಲೂ ಬಾಡಿಗೆಯವರಿಗೆ ಫೋನ್ ಮಾಡ್ತಾರಾ?"

"ಹೆಂಗಿದ್ದೀಯ ಅಂತ ಕೇಳಾಕೆ ಮಾಡ್ತಾರೆ ಕಣೇ" ಎಂದು ಅವನು ಟವೆಲ್ ಕೊಡವಿಕೊಂಡು ಹೋದ.

ಹೆಂಗಿದ್ದೀಯ ಎಂದು ಕೇಳಲು ಹಿತ್ತಲು ಏಕೆ ಬೇಕು? ಅನ್ನಪೂರ್ಣಳಿಗೆ ಅನ್ನ ರುಚಿಸಲಿಲ್ಲ. ಅವಳು ಮನಸ್ಸಿನಲ್ಲೇ ತೀರ್ಮಾನಿಸಿದಳು: ಅಲ್ಲೊಂದು ಸಂಸಾರ ಇರುವುದು ಖಾತ್ರಿಯಾದರೆ ಮಗಳನ್ನು ಕರೆದುಕೊಂಡು ಜಗಳೂರಿನ ಬಸ್ಸು ಹತ್ತುವುದು. ಮತ್ತೆ ಈ ಹೊಸಿಲು ತುಳಿಯುವುದಿಲ್ಲ. ಬಟ್ಟೆಯ ಬ್ಯಾಗನ್ನು ತುಂಬಿ ಮಂಚದ ಕೆಳಗೂ ಇಟ್ಟಳು.

ಖಾತ್ರಿ ಮಾಡಿಕೊಳ್ಳಲು ದುರುಗಕ್ಕನನ್ನು ಹಿಡಿದಳು. ದುರುಗಕ್ಕ ಹಕ್ಕಿಪಿಕ್ಕಿ ಕ್ಯಾಂಪಿನವಳು. ಗಂಡನ ಜೊತೆ ಟಾಂಜಾನಿಯಾ ಸುತ್ತಿ ಬಂದವಳು. ಅವಳು ರಾಗಿ ಬೀಸಿಸಲು ಬಂದಾಗ ಅನ್ನಪೂರ್ಣ ಗಿರಣಿ ನಿಲ್ಲಿಸಿ, ಚಹಾ ತರಿಸಿ, ಏನೂ ಅರಿಯದವಳ ಹಾಗೆ ಕೇಳಿದಳು.

"ಶಿಕಮೋ ಅಂದ್ರೆ ಏನು ದುರುಗಕ್ಕ?"

"ಹಿರೇರಿಗೆ ಹೇಳೋ ಶರಣು ಕಣವ್ವ. ಕಾಲು ಮುಟ್ಟಿದಂಗೆ. ಅವ್ರು ಮರಹಬಾ ಅಂತಾರೆ. ದೊಡ್ಡ ಹೆಂಗಸ್ರೆಲ್ಲ ಅಲ್ಲಿ ಮಾಮಾ. ಆಮ್ಯಾಲೆ ಹಬಾರಿ ಶುರುವಾಗ್ತೈತೆ ನೋಡು. ಮನೆ ಹೆಂಗೈತೆ, ಮಕ್ಳು ಹೆಂಗದಾರೆ, ಕೆಲ್ಸ ಹೆಂಗೈತೆ. ಮನೆ ಹೊತ್ತಿ ಉರೀತಿದ್ರೂ ಮೊದ್ಲು ನ್ಜುರಿ, ಚೆನ್ನಾಗೈತೆ ಅನ್ಬೇಕು."

ಹಾಗಾದರೆ ಫೋನಿನಾಕೆ ವಯಸ್ಸಾದವಳು. ಬೇರೆ ಹೆಂಗಸಾಗಿದ್ದರೆ ಇಷ್ಟಕ್ಕೆ ನೆಮ್ಮದಿಯಾಗುತ್ತಿತ್ತು. ಅನ್ನಪೂರ್ಣಳಿಗೆ ಹೊಳೆದದ್ದೇ ಬೇರೆ: ವಯಸ್ಸಾದವಳಾದರೆ ಗಂಡನಿಗೆ ಅಲ್ಲಿನ ಅತ್ತೆ ಇರಬೇಕು.

"ಎಡವಿದ್ರೆ ಪೋಲೆ ಅಂತಾರೆ" ದುರುಗಕ್ಕ ಲಹರಿಯಲ್ಲಿದ್ದಳು. "ಸುಸ್ತಾದ್ರೂ ಪೋಲೆ, ಸತ್ತ ಮನೆಗೆ ಹೋದ್ರೂ ಪೋಲೆ. ನಿನ್ನ ನೋವು ನಂಗೂ ತಾಕ್ತು ಅಂದಂಗೆ. ಒಳ್ಳೆ ಜನ. ನನ್ನ ಹೆಸ್ರು ಹಿಡಿದು ಯಾರೂ ಕರೀಲಿಲ್ಲ ನೋಡು. ನಮ್ಮ ದೊಡ್ಡ ಮಗ ರವಿ ಅಲ್ವಾ, ನಂಗೆ ಮಾಮಾ ರವಿ, ನಮ್ಮ ಯಜಮಾನ್ರಿಗೆ ಬಾಬಾ ರವಿ. ನೀನು ಗಂಡಂಗೆ ಗಂಗೋತ್ರಿ ಅಪ್ಪ ಅಂತೀಯಲ್ಲ, ಹಂಗೆ. ಆದ್ರೆ ಅಲ್ಲಿ ಊರಿಗೆ ಊರೇ ಹಂಗೆ ಕರೀತೈತೆ. ಮೊದ್ಲನೇ ಮಗೀನ ಹೆಸ್ರು ಹಿಡ್ದು."

ಅನ್ನಪೂರ್ಣಳ ಕೈಯ ಲೋಟ ನಿಂತಿತು. ಸಿಕ್ಕಿತು ಒರೆಗಲ್ಲು. ಫೋನಿನಾಕೆ ಬಾಬಾ ಗಂಗೋತ್ರಿ ಎಂದು ಕರೆದರೆ ಸರಿ. ಬಾಯಲ್ಲಿ ಬೇರೆ ಹೆಸರು ಬಂದರೆ ಆ ಹೆಸರಿನದೊಂದು ಕೂಸು ಅಲ್ಲಿ ಇದೆ ಎಂದೇ ಅರ್ಥ.

ಭಾನುವಾರ ನಿಂಗರಾಜ್ ತಲೆಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದಾಗ, ಚಾರ್ಜಿಗೆ ಹಾಕಿದ್ದ ಅವನ ಫೋನ್ ಬಡಿದುಕೊಂಡಿತು. ಅನ್ನಪೂರ್ಣ ಎತ್ತಿ ಕಿವಿಗಿಟ್ಟಳು. ಮಾತಾಡಲಿಲ್ಲ.

"ಹಲೋ? ಹಬಾರಿ, ಬಾಬಾ ಸುದೀಪ್?"

ಬೇರೆ ಹೆಸರೇ ಬಂದಿತ್ತು. ಬ್ಯಾಗು ಎಳೆಯಲು ಬಗ್ಗಿದವಳು ಹಾಗೇ ನೆಲದ ಮೇಲೆ ಕುಳಿತುಬಿಟ್ಟಳು. ಸುದೀಪ್. ಅಟ್ಟ ಸೇರಿದ ಆ ತೊಟ್ಟಿಲಿನಲ್ಲಿ ಮಲಗುತ್ತಿದ್ದ ಮಗು. ಅವಳದೇ ಮಗು.

ನಿಂಗರಾಜ್ ಒದ್ದೆ ತಲೆಯಲ್ಲೇ ಓಡಿಬಂದ. ಫೋನು ಅವಳ ಕೈಯಲ್ಲಿರುವುದನ್ನು ನೋಡಿ ಬಾಗಿಲಲ್ಲೇ ನಿಂತ.

"ಆ ಹೆಸ್ರು ಇವ್ರಿಗೆ ಯಾಕೆ ಹೇಳಿದ್ರಿ?" ಎಂದಳು ಅನ್ನಪೂರ್ಣ.

"ಮೊದ್ಲನೇ ಮಗು ಯಾವ್ದು ಅಂತ ಕೇಳಿದ್ರು ಕಣೇ. ಸುಳ್ಳು ಹೇಳಾಕೆ ಬಾಯಿ ಬರ್ಲಿಲ್ಲ. ಹೋಗ್ಬಿಟ್ಟೈತೆ ಅಂತಾನೂ ಹೇಳ್ದೆ. ಆದ್ರೂ ಅವ್ರು ಹಂಗೇ ಕರೆದ್ರು." ಅವನು ತಲೆ ಬಗ್ಗಿಸಿದ. ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. "ಇಲ್ಲಿ ನಿನ್ನೆದ್ರಿಗೆ ಆ ಹೆಸ್ರು ಹೆಂಗೆ ತೆಗೀಲಿ, ನೀನು ಅಳ್ತೀಯ. ಅಲ್ಲಿ ದಿನಾ ಯಾರಾದ್ರೂ ಕರೀತಾರೆ. ಅದಕ್ಕೇ ಹಿತ್ತಲಿಗೆ ಹೋಗ್ತಿದ್ದೆ."

ಅನ್ನಪೂರ್ಣಳಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಒಬ್ಬಳೇ ಬಚ್ಚಲಲ್ಲಿ ಅಳುವಂತೆ ಮಾಡಿದನಲ್ಲ! ಸಿಟ್ಟಿನ ಹಿಂದೆಯೇ ಹೊಟ್ಟೆಕಿಚ್ಚೂ ಬಂತು. ತನ್ನ ಮಗನ ಹೆಸರನ್ನು ಕಾಣದ ಊರಿನವರೆಲ್ಲ ಬಾಯಿ ತುಂಬ ಕರೆಯುತ್ತಿದ್ದಾರೆ, ಅವನು ಹೋದ ಮೇಲೆ ಹೆತ್ತವಳು ಒಮ್ಮೆಯೂ ಕರೆದಿಲ್ಲ.

ಫೋನಿನಲ್ಲಿ ಆ ಮುದುಕಿ ಇನ್ನೂ ಹಲೋ ಹಲೋ ಎನ್ನುತ್ತಿದ್ದಳು. ಅನ್ನಪೂರ್ಣ ಸೆರಗಿನಿಂದ ಮೂಗು ಒರೆಸಿಕೊಂಡು ಫೋನನ್ನು ಕಿವಿಗೆ ಹಿಡಿದಳು.

"ಶಿಕಮೋ, ಮಾಮಾ" ಎಂದಳು. "ನಾನು... ಮಾಮಾ ಸುದೀಪ್."

"ಮರಹಬಾ" ಎಂದಿತು ಮುದಿ ದನಿ. ಆಮೇಲೆ ಮೆಲ್ಲಗೆ, "ಪೋಲೆ, ಮಾಮಾ ಸುದೀಪ್. ಪೋಲೆ."

ನಿಂಗರಾಜ್ ಬಾಗಿಲಿಗೊರಗಿ ಅಳುತ್ತಿದ್ದ.