ಸವಾದನಿಗೆ ಹೊದಿಸಿದ ಶಾಲು

ಸೌದಿಯ ದಮ್ಮಾಮಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಇಪ್ಪತ್ತು ವರ್ಷ ನಿಂತ ಉಳ್ಳಾಲದ ಕಲಂದರನಿಗೆ ಗಿರಾಕಿಗಳ ಜೊತೆ ಜಗಳಕ್ಕೆ ಬೇಕಾದಷ್ಟು ಬಾಯಿ ಇತ್ತು. ತನ್ನವರಿಗೆ ಒಂದು ಕಹಿ ಮಾತು ಹೇಳಬೇಕೆಂದರೆ ಮಾತ್ರ ನಾಲಗೆ ಏಳುತ್ತಿರಲಿಲ್ಲ. ಅಲ್ಲಿರುವ ಊರವರ ಫುಟ್‌ಬಾಲ್ ತಂಡಕ್ಕೆ ಅವನೇ ಮ್ಯಾನೇಜರು, ಅವನೇ ಕೋಚು, ನೀರಿನ ಬಾಟಲಿ ಹೊರುವವನೂ ಅವನೇ.

ತಂಡದ ಹೀರೋ ಸವಾದ್. ಕೆಲಸ ಅಲ್ ಅಹ್ಸಾದಲ್ಲಿ. ಪ್ರತಿ ಶುಕ್ರವಾರ ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಆಡಲು ಬರುತ್ತಿದ್ದ. ಹಿಂದಿನಿಂದ ಯಾರಾದರೂ ಬಾಲನ್ನು ಎತ್ತಿ ಹೊಡೆದರೆ ಸಾಕು, ಎದುರಾಳಿಗಳ ನಡುವೆ ನುಗ್ಗಿ ಎದೆಯ ಮೇಲೆ ಇಳಿಸಿಕೊಂಡು ಗೋಲು ಹೊಡೆಯುತ್ತಿದ್ದ. ಎಂಟು ವರ್ಷ ತಂಡ ಗೆದ್ದದ್ದೇ ಹಾಗೆ.

ಈ ವರ್ಷ ಸೇರಿದ ಹೊಸಬರ ಆಟವೇ ಬೇರೆ. ಬಾಲು ನೆಲ ಬಿಟ್ಟು ಏಳುವುದಿಲ್ಲ, ಕಾಲಿನಿಂದ ಕಾಲಿಗೆ ಸಣ್ಣ ಸಣ್ಣ ಪಾಸು, ಎಲ್ಲರೂ ಓಡುತ್ತಿರಬೇಕು. ಕಲಂದರನಿಗೆ ಅದು ಬಹಳ ಹಿಡಿಸಿತು. ಆದರೆ ಸವಾದ್ ಮಾತ್ರ ಮುಂದೆ ಕೈ ಎತ್ತಿ ನಿಂತು, ಬಾರದ ಬಾಲಿಗೆ ಕಾಯುತ್ತಿದ್ದ. ಸೆಮಿಫೈನಲ್ ಹೇಗೋ ಗೆದ್ದದ್ದೇ ಪುಣ್ಯ. ಫೈನಲಿಗೆ ಸವಾದ್ ಬೇಡ ಎಂದು ಕಲಂದರ ತೀರ್ಮಾನಿಸಿದ. ಅದನ್ನು ಅವನಿಗೆ ಹೇಳುವುದು ಹೇಗೆ?

ಹೇಳಲೇ ಇಲ್ಲ. ನಮ್ಮವರಿಗೆ ಗೊತ್ತಿರುವ ದಾರಿ ಒಂದಿದೆಯಲ್ಲ, ಅದನ್ನೇ ಹಿಡಿದ. ಫೈನಲಿಗೆ ಮುಂಚೆ ಮೈಕ್ ಕಟ್ಟಿಸಿ ಸವಾದನಿಗೆ ಸನ್ಮಾನ ಇಟ್ಟುಕೊಂಡ. ಶಾಲು, ಸ್ಮರಣಿಕೆ, ತಂಡಕ್ಕೆ ಅವನ ಸೇವೆಯ ಬಗ್ಗೆ ಉದ್ದದ ಭಾಷಣ. ಶಾಲು ಹೊದಿಸಿಕೊಂಡವನು ಕುರ್ಚಿಯಲ್ಲಿ ಕೂರಬೇಕೇ ಹೊರತು ಮೈದಾನಕ್ಕೆ ಇಳಿಯುವುದುಂಟೇ? ಬೂಟಿನ ಲೇಸು ಬಿಗಿದು ತಯಾರಾಗಿ ಬಂದಿದ್ದ ಸವಾದ್, ಕಲಂದರನ ಮುಖವನ್ನು ಒಮ್ಮೆ ನೋಡಿದ. ಮೈಕಿನಲ್ಲಿ ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಆಟ ಮುಗಿಯುವವರೆಗೂ ಆ ಸೆಕೆಯಲ್ಲಿ ಶಾಲು ತೆಗೆಯದೆ ಮುಂದಿನ ಸಾಲಿನಲ್ಲಿ ಕೂತ. ತಂಡ ಮೂರು ಗೋಲಿನಿಂದ ಗೆದ್ದಿತು.

ಗೆದ್ದ ಸಂತೋಷ ಕಲಂದರನಿಗೆ ಹತ್ತಲಿಲ್ಲ. ಮೂರು ವಾರವಾದರೂ ಸವಾದ್ ಫೋನ್ ಎತ್ತಲಿಲ್ಲ. ನಾಲ್ಕನೆಯ ಶುಕ್ರವಾರ ಅವನ ಪಾಲಿನ ಮೆಡಲ್ ಹಿಡಿದು ಕಲಂದರನೇ ಅಲ್ ಅಹ್ಸಾಕ್ಕೆ ಹೋದ. ಖರ್ಜೂರದ ತೋಟದ ಪಕ್ಕದ ಬಯಲಿನಲ್ಲಿ ಸವಾದ್ ತೋಟದ ಕೆಲಸಗಾರರ ಜೊತೆ ಆಡುತ್ತಿದ್ದ. ಮುಂದೆ ಕೈ ಎತ್ತಿ ನಿಂತಿರಲಿಲ್ಲ. ನಡುವಿಗೆ ಇಳಿದು ಬಂದು ಬಾಲು ತೆಗೆದುಕೊಳ್ಳುತ್ತಿದ್ದ, ಒಂದೇ ಏಟಿಗೆ ಪಕ್ಕದವನಿಗೆ ದಾಟಿಸಿ ಓಡುತ್ತಿದ್ದ. ಕಲಂದರನಿಗೆ ಬೇಕಾಗಿದ್ದ ಆಟ ಅದೇ, ಹೊಸಬರಿಗಿಂತ ಚೆಂದವಾಗಿ.

ಮುಂದಿನ ವಾರದಿಂದ ಬಾ ಎಂದು ಕಲಂದರ ಬಗೆಬಗೆಯಾಗಿ ಕೇಳಿಕೊಂಡ. ಸವಾದ್ ಬೆವರು ಒರೆಸಿಕೊಂಡು ಬೇಡವೆಂದು ತಲೆಯಾಡಿಸಿದ.

"ಸನ್ಮಾನ ಆದವ ಪುನಃ ಬೂಟು ಹಾಕಿದ್ರೆ ಜನ ಎಂತ ಹೇಳ್ತಾರೆ, ಕಲಂದರ್ ಭಾಯ್? ನಿಮ್ಮ ಮರ್ಯಾದೆಯೂ ಹೋಗ್ತದೆ."

ಇದನ್ನೆಲ್ಲ ಯಾವಾಗ ಕಲಿತೆ, ನನಗ್ಯಾಕೆ ಹೇಳಲಿಲ್ಲ ಎಂದು ಕಲಂದರ ಕೇಳಿದ.

"ಕಲಿಲಿಕ್ಕೆ ಶುರು ಮಾಡಿ ಮೂರು ತಿಂಗಳಾಯ್ತು," ಎಂದ ಸವಾದ್. "ಫೈನಲಲ್ಲಿ ಆಡಿ ತೋರಿಸುವಾ ಅಂತ ಇದ್ದೆ."